ಗಂಧದ ಮರ, ಜಿಗಿಹುಳುವಿನ ಸೂಜಿ

ಗುರುಪುರಕ್ಕೆ ಹೋದಾಗಲೆಲ್ಲ ಅಪ್ಪ ಬದುವಿನ ಮೇಲಿರೋ ಗಂಧದ ಗಿಡಗಳನ್ನು ತೋರಿಸ್ತಾರೆ. ಹೋದ ಸಲ ಒಂದರ ಮುಂದೆ ನಿಂತು, "ಇದರ ಎಲೆ ಯಾಕೋ ಸಣ್ಣಗಾಗ್ತಾ ಇದೆ ಕಣಪ್ಪ" ಅಂದರು. "ಗೊಬ್ಬರ ಕಮ್ಮಿ ಆಗಿರಬೇಕು ಬಿಡಪ್ಪ" ಅಂದುಬಿಟ್ಟೆ. ಬೆಂಗಳೂರಿಗೆ ವಾಪಸ್ ಬಂದು ಓದಿದ ಮೇಲೆ ಭಯ ಶುರುವಾಯ್ತು.

1899ರಲ್ಲಿ, ನಮ್ಮ ಪಕ್ಕದ ಕೊಡಗಿನಲ್ಲಿ ಗಂಧದ ಸ್ಪೈಕ್ ರೋಗ ಮೊದಲು ವರದಿಯಾಯಿತು. ಎಲೆ ಕಿರಿದಾಗಿ, ಬಿರುಸಾಗಿ ನೆಟ್ಟಗೆ ನಿಲ್ಲುತ್ತೆ; ಕೆಲವೇ ವರ್ಷಗಳಲ್ಲಿ ಮರ ಒಣಗುತ್ತೆ. ಗಂಧವೆಂದರೆ ಮೈಸೂರು ಸಂಸ್ಥಾನದ ಖಜಾನೆಗೆ ದುಡ್ಡು. ಹಾಗಾಗಿ ಕಾರಣ ಹುಡುಕುವ ಕೆಲಸ ಜೋರಾಗಿಯೇ ನಡೆಯಿತು. ಕಾಡಿನ ಬೆಂಕಿ ಅಂದರು, ಲಂಟಾನ ಅಂದರು, ಮರದ ರಸದ ಹರಿವು ಏರುಪೇರಾಗಿದೆ ಅಂದರು.

ಮೈಸೂರು ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ರೋಗದ ಮರದ ರೆಂಬೆಯನ್ನು ಒಳ್ಳೆಯ ಮರಕ್ಕೆ ಕಸಿ ಕಟ್ಟಿದರು. ಒಳ್ಳೆಯ ಮರಕ್ಕೂ ರೋಗ ಬಂತು. 1917ರಲ್ಲಿ ಇದನ್ನು ಪ್ರಕಟಿಸಿದರು. ಅಂದರೆ ಇದು ಅಂಟುರೋಗ. ಸರಿ, ಆದರೆ ಕಾಡಿನಲ್ಲಿ ಕಸಿ ಕಟ್ಟೋರು ಯಾರು?

1941ರಲ್ಲಿ ರಂಗಸ್ವಾಮಿ ಮತ್ತು ಗ್ರಿಫಿತ್ ಒಂದು ಜಿಗಿಹುಳುವಿನ ಕಡೆ ಬೆರಳು ತೋರಿಸಿದರು: ಜಸ್ಸಸ್ ಇಂಡಿಕಸ್.

ಈ ಹುಳಕ್ಕೆ ಅಗಿಯೋ ಬಾಯಿಲ್ಲ. ಬರಿಗಣ್ಣಿಗೆ ಒಂದೇ ಕೊಕ್ಕಿನ ಹಾಗೆ ಕಾಣುವುದು ಬರೀ ಒರೆ. ಅದರೊಳಗೆ ಕೂದಲಿಗಿಂತ ಸಪೂರವಾದ ನಾಲ್ಕು ಸೂಜಿಗಳು. ಹೊರಗಿನ ಎರಡು ಎಲೆಯನ್ನು ಚುಚ್ಚಿ ದಾರಿ ಮಾಡುತ್ತವೆ. ಒಳಗಿನ ಎರಡರ ಮೈಯಲ್ಲಿ ಉದ್ದಕ್ಕೂ ಗಾಡಿಗಳಿವೆ. ಅವು ಒಂದಕ್ಕೊಂದು ಜಿಪ್ಪಿನಂತೆ ಕೂಡಿಕೊಂಡಾಗ ನಡುವೆ ಎರಡು ಕೊಳವೆ ಆಗುತ್ತವೆ. ದೊಡ್ಡದರಲ್ಲಿ ಸಸ್ಯರಸ ಮೇಲಕ್ಕೆ, ಸಣ್ಣದರಲ್ಲಿ ಹುಳದ ಜೊಲ್ಲು ಕೆಳಕ್ಕೆ. ಒಂದೇ ಕೇಬಲ್ಲಿನಲ್ಲಿ ಹೋಗೋ ಲೈನು, ಬರೋ ಲೈನು ಬೇರೆಬೇರೆ ಇದ್ದ ಹಾಗೆ. ರೋಗಾಣು ರಸದ ಜೊತೆ ಮೇಲೆ ಹೋಗಿ, ಹುಳದ ಮೈಯಲ್ಲೇ ಹೆಚ್ಚಿ, ಜೊಲ್ಲಿನ ಗ್ರಂಥಿ ಸೇರಿ, ಇನ್ನೊಂದು ಮರಕ್ಕೆ ಇಳಿಯುತ್ತದೆ. ಕೋಲ್ಮನ್ ಚಾಕು ಹಿಡಿದು ಮಾಡಿದ ಕೆಲಸವನ್ನು ಹುಳ ಊಟ ಮಾಡುತ್ತಲೇ ಮಾಡುತ್ತೆ.

ರೋಗಾಣು ಮಾತ್ರ ಇನ್ನೂ ಕಂಡಿರಲಿಲ್ಲ. 1967ರಲ್ಲಿ ಜಪಾನಿನವರು ಹಿಪ್ಪುನೇರಳೆಯಂಥ ಗಿಡಗಳಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಿಂದ ಜೀವಕೋಶದ ಗೋಡೆಯೇ ಇಲ್ಲದ ಸೂಕ್ಷ್ಮಜೀವಿಯನ್ನು ಕಂಡರು. 1969ರಲ್ಲಿ ಗಂಧದಲ್ಲೂ ಅಂಥದ್ದೇ ಸಿಕ್ಕಿತು. ಈಗ ಅದಕ್ಕೆ ಫೈಟೋಪ್ಲಾಸ್ಮಾ ಎನ್ನುತ್ತಾರೆ. ಎಪ್ಪತ್ತು ವರ್ಷದ ಹುಡುಕಾಟ.

ಔಷಧಿ? ಟೆಟ್ರಾಸೈಕ್ಲಿನ್ ಕೊಟ್ಟರೆ ಮರ ಸ್ವಲ್ಪ ದಿನ ಚಿಗುರುತ್ತೆ, ರೋಗ ಮತ್ತೆ ಬರುತ್ತೆ. ರೋಗದ ಮರವನ್ನು ಬೇಗ ತೆಗೆಯುವುದೇ ಉಳಿದವಕ್ಕೆ ರಕ್ಷಣೆ.

ಒಂದು ಕಾಲದಲ್ಲಿ ನಮ್ಮ ಜಮೀನಿನಲ್ಲಿ ಹುಟ್ಟಿದ ಗಂಧವೂ ಸರ್ಕಾರದ್ದೇ. 2001ರ ತಿದ್ದುಪಡಿ ಆದಮೇಲೆ ತಾನೇ ರೈತರು ಧೈರ್ಯವಾಗಿ ನೆಟ್ಟಿದ್ದು, ಅಪ್ಪನೂ ಹಾಗೇ. ನಿನ್ನೆ ಫೋನ್ ಮಾಡಿ, "ಗೊಬ್ಬರ ಅಂದಿದ್ದು ತಪ್ಪು ಕಣಪ್ಪ. ಎಲೆ ತೆಗೆದಿಡು, ಬಂದು ಪರೀಕ್ಷೆಗೆ ಕೊಡ್ತೀನಿ. ರೋಗ ಅಂದ್ರೆ ಕಡೀಬೇಕಾಗುತ್ತೆ" ಅಂದೆ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಪಕ್ಕದ ಗಿಡದ್ದೂ ಕಿತ್ತಿಡ್ಲಾ?"