ಹಳೆಯ ಗಣಕವೂ ಕನ್ನಡದ ಅಕ್ಷರವೂ

ಹಾರಂಗಿಯ ಸುತ್ತಣ ಗ್ರಾಮಗಳ ಜಮೀನಿನ ಪಹಣಿಯು ಮೊದಲು ಗ್ರಾಮಲೆಕ್ಕಿಗರ ಕೈಬರಹದಲ್ಲಿರುತ್ತಿದ್ದಿತು. 2000ನೆಯ ಇಸವಿಯ ಸುಮಾರಿಗೆ ‘ಭೂಮಿ’ ಎಂಬ ಯೋಜನೆಯು ರಾಜ್ಯದ ತಾಲೂಕು ಕಚೇರಿಗಳಿಗೆ ಕಾಲಿಡಲು, ಸೋಮವಾರಪೇಟೆ ತಾಲೂಕಿನ ರೈತನಿಗೂ ಅದು ಗಣಕದಿಂದ ಕನ್ನಡದಲ್ಲಿಯೇ ಅಚ್ಚಾಗಿ, 15 ರೂಪಾಯಿಗೆ ದೊರೆಯತೊಡಗಿತು. ಯಂತ್ರವೂ ಕನ್ನಡವನ್ನು ಬರೆಯಬಲ್ಲುದೆಂಬುದನ್ನು ಎಷ್ಟೋ ಮನೆಗಳವರು ಕಂಡುದು ಆ ಹಾಳೆಯಲ್ಲಿ. ಆ ಕಾಲದ ಗಣಕಗಳಲ್ಲಿ ದುಡಿದವರು ಇಂದಿಗೂ ಅವನ್ನು ಮರುಗಿ ನೆನೆಯುವರು. ಇದು ಹಳೆಯದರ ಮೇಲಣ ಬರಿಯ ಮೋಹವೆಂದು ನಗುವವರುಂಟು. ಆ ನಗೆಯು ಅವಸರದ್ದು.

ವಿಂಡೋಸ್ 98 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಕನ್ನಡವು ಏನೇನೂ ತಿಳಿಯದು. ಅದರ ಅಕ್ಷರಕೋಶದಲ್ಲಿ ಇದ್ದವು 256 ಮನೆಗಳು; ಅವೆಲ್ಲವೂ ಇಂಗ್ಲಿಷು ಮೊದಲಾದ ಭಾಷೆಗಳಿಗೆ ಮೀಸಲು. ಕನ್ನಡದ ತಂತ್ರಜ್ಞರು ಆ ಮನೆಗಳಲ್ಲಿ ತಲೆಕಟ್ಟು, ಕೊಂಬು, ಒತ್ತುಗಳ ತುಂಡುಗಳನ್ನು ಮೊಳೆ ಜೋಡಿಸಿದಂತೆ ಕೂರಿಸಿದರು. ಯಂತ್ರವು ತಾನು ಇಂಗ್ಲಿಷನ್ನು ಬರೆಯುತ್ತಿರುವೆನೆಂದೇ ನಂಬಿರುವುದು. ಪರದೆಯ ಮೇಲೆ ಮೂಡುವುದು ಮಾತ್ರ ಕನ್ನಡ. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ವು ಬಂದಿತು; ತರುವಾಯ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ‘ಕ’ ಬೇಕಾದರೆ ಇಂಗ್ಲಿಷಿನ ‘ಕೆ’, ‘ಟ’ ಬೇಕಾದರೆ ‘ಕ್ಯೂ’, ಅಕ್ಷರವನ್ನು ಅರ್ಧಗೊಳಿಸಲು ‘ಎಫ್’. ಒಮ್ಮೆ ಬೆರಳಿಗೆ ಹತ್ತಿತೆಂದರೆ ಬಿಡದು.

ಹಳೆಯದನ್ನು ಹೊಗಳುವವರು ಮರೆತಿರುವ ಸಂಗತಿಯೂ ಒಂದುಂಟು. ಕೊಡಗಿನ ಆಷಾಢದ ಮಳೆಯಲ್ಲಿ ವಿದ್ಯುತ್ತು ಹೋಗಿ ಬಂದ ಬಳಿಕ ಆ ಗಣಕವು ತನ್ನ ತಟ್ಟೆಯನ್ನೆಲ್ಲ ತಡಕಿ ನೋಡಿಯೇ ಏಳುತ್ತಿದ್ದಿತು. ನಡುನಡುವೆ ಪರದೆಯು ನೀಲಿಯಾಗಿ, ಬರೆದುದೆಲ್ಲವೂ ಹೋಗುವುದೂ ಇದ್ದಿತು. ಆದರೂ ಅದು ಯಜಮಾನನನ್ನು ಕೇಳದೆ ತನ್ನನ್ನು ತಾನೇ ಬದಲಿಸಿಕೊಳ್ಳುತ್ತಿರಲಿಲ್ಲ.

1991ರಲ್ಲಿ ಹೊರಬಂದ ಯುನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಆದ 128 ಮನೆಗಳು ದೊರೆತಿದ್ದವು. 2001ರ ವಿಂಡೋಸ್ ಎಕ್ಸ್‌ಪಿಯು ಅದನ್ನು ಅರಿತು, ‘ತುಂಗಾ’ ಎಂಬ ಅಕ್ಷರವನ್ನೂ ತಂದಿತು. ಇಲ್ಲಿ ಉಳಿಯುವುದು ಆಕಾರದ ತುಂಡಲ್ಲ, ಅಕ್ಷರವೇ. ಒತ್ತು ಕೊಂಬುಗಳನ್ನು ಯಂತ್ರವೇ ಕೂಡಿಸುವುದು. ಇಂದು ಮೊಬೈಲಿನಲ್ಲಿ ಕನ್ನಡದ ಪತ್ರವು ಎಲ್ಲಿಂದೆಲ್ಲಿಗೂ ಹೋಗುವುದು ಇದರಿಂದಲೇ. ಆದರೆ ಅಚ್ಚುಕೂಟಗಳ ಆಧಾರವಾಗಿದ್ದ ಪೇಜ್‌ಮೇಕರಿನ ಕೊನೆಯ ಆವೃತ್ತಿಯು ಅದೇ 2001ರದು, ಅದಕ್ಕೆ ಯುನಿಕೋಡು ತಿಳಿಯದು. ಆದಕಾರಣ ಲಗ್ನಪತ್ರಿಕೆಯಿಂದ ಸ್ಮರಣಸಂಚಿಕೆಯವರೆಗೆ ಎಲ್ಲವೂ ಬಹುಕಾಲ ‘ನುಡಿ’, ‘ಶ್ರೀಲಿಪಿ’ಗಳ ಹಳೆಯ ಅಕ್ಷರದಲ್ಲಿಯೇ ಆಗುತ್ತಲಿದ್ದವು.

ಎಕ್ಸ್‌ಪಿಯ ಪೋಷಣೆಯು 2014ರ ಏಪ್ರಿಲ್ 8ರಂದು ನಿಂತಿತು. ವಿಂಡೋಸ್ 10ರದು 2025ರ ಅಕ್ಟೋಬರ್ 14ರಂದು. ಮುಂದಿನದಾದ ವಿಂಡೋಸ್ 11 ಒಂದು ಬಗೆಯ ಭದ್ರತಾಬಿಲ್ಲೆಯಿಲ್ಲದ ಗಣಕವನ್ನು ಒಪ್ಪದು. ಕೆಲಸಕ್ಕೆ ಕುಂದಿಲ್ಲದ ಯಂತ್ರವನ್ನು ಇಂತು ಮೂಲೆಗೆ ತಳ್ಳುವುದು ಯಾವ ನ್ಯಾಯವೋ ತಿಳಿಯದು.

ಯಂತ್ರವು ಹೋದರೆ ಹೋಗಲಿ. ಅದರೊಳಗಣ ಬರಹದ ಗತಿಯೇನು? ಒಕ್ಕದ ವಂಶಾವಳಿ, ಊರಿನ ದೇವಸ್ಥಾನದ ಇತಿಹಾಸ, ಸಂಘದ ನಡವಳಿಗಳು ಹಳೆಯ ಅಕ್ಷರದಲ್ಲಿದ್ದು, ಆ ಅಕ್ಷರವಿಲ್ಲದ ಹೊಸ ಗಣಕದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಲ್ಯಾಟಿನ್ ಲಿಪಿಯ ಗೋಜಲು. ಪರಿವರ್ತಕ ತಂತ್ರಾಂಶಗಳೇನೋ ಇವೆ. ಆದರೆ ಅವು ಅರ್ಕಾವತ್ತಿನಲ್ಲಿ ಎಡವುವುವು. ನಡುವೆ ಬಂದ ಇಂಗ್ಲಿಷ್ ಹೆಸರನ್ನೂ ಕೆಲವೊಮ್ಮೆ ಕನ್ನಡವೆಂದೇ ಬಗೆದು ಕೆಡಿಸುವುವು. ಪುಟಪುಟವನ್ನೂ ಮೂಲದ ಅಚ್ಚಿನೊಡನೆ ಹೋಲಿಸಿ ತಿದ್ದಬೇಕು. ಅಚ್ಚು ಉಳಿಯದಿದ್ದರೆ ಬರೆದವರನ್ನೇ ಕೇಳಬೇಕು. ಅದಕ್ಕಾಗಿಯೇ ಕೆಲವರು ಹಳೆಯ ಗಣಕವೊಂದನ್ನು ಬಟ್ಟೆ ಮುಚ್ಚಿ ಇರಿಸಿಕೊಂಡು, ವರುಷಕ್ಕೆ ನಾಲ್ಕಾರು ಬಾರಿ ಹಚ್ಚಿ, ಅದರ ತಟ್ಟೆಯು ಇನ್ನೂ ತಿರುಗುವುದೇ ಎಂದು ಕಿವಿಗೊಟ್ಟು ಕೇಳುವರು.