ಕಳ್ಳ ಹೆಸರಿನ ಮೇಲ್: ಬಾಗಿಲಲ್ಲೇ ತಡೆಯಬೇಕೆ, ಮೂಲೆಗೆ ಹಾಕಬೇಕೆ?

ಒಮ್ಮೆ ನಾವು ಕಳಿಸಿದ ಕುಡಿಯುವ ನೀರಿನ ವರದಿ ಡೆಸ್ಕ್‌ಗೆ ಮುಟ್ಟಲೇ ಇಲ್ಲ. "ಕಳಿಸಿದ್ದೀವಿ ಸಾರ್" ಅಂತ ನಾವು, "ಬಂದಿಲ್ಲ ಕಣ್ರೀ" ಅಂತ ಅವರು. ಮೂರನೇ ದಿನ ಅದು ಸ್ಪ್ಯಾಮ್ ಫೋಲ್ಡರ್‌ನಲ್ಲಿ ಸಿಕ್ಕಿತು. ಅಷ್ಟರಲ್ಲಿ ಸುದ್ದಿ ಹಳಸಿತ್ತು. ನಮ್ಮದೇ ಡೊಮೇನ್‌ನಿಂದ ಮೇಲ್ ಹಾಕುತ್ತಿದ್ದೆವು, ಅದಕ್ಕೆ ಬೇಕಾದ ದಾಖಲೆ ಮಾಡಿಸಿರಲಿಲ್ಲ. ಯಂತ್ರದ ಕಣ್ಣಿಗೆ ನಾವೇ ಖೋಟಾ ಆಸಾಮಿಗಳು!

ಈ ಅನುಮಾನಕ್ಕೆ ಹಳೆಯ ಕಾರಣವಿದೆ. 1982ರಲ್ಲಿ ಜಾನ್ ಪೋಸ್ಟೆಲ್ ಎಂಬುವರು ಮೇಲ್ ಸಾಗಿಸುವ ನಿಯಮ ಬರೆದರು. ಹೆಸರು ಎಸ್‌ಎಂಟಿಪಿ. ಆಗ ನೆಟ್‌ವರ್ಕ್‌ನಲ್ಲಿ ಇದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಜನ. ಕಳಿಸಿದವರು ಯಾರೆಂದು ಪರೀಕ್ಷಿಸುವ ವ್ಯವಸ್ಥೆ ಅದರಲ್ಲಿರಲಿಲ್ಲ. ಇನ್‌ಲ್ಯಾಂಡ್ ಲೆಟರ್ ಹಿಂದೆ 'ಇಂದ' ಅಂತ ಯಾರ ಹೆಸರು ಬರೆದರೂ ಅಂಚೆಯವರು ಕೇಳುತ್ತಿರಲಿಲ್ಲವಲ್ಲ, ಹಾಗೆ.

ಬ್ಯಾಂಕಿನ ಹೆಸರಲ್ಲಿ ಮೋಸ ಶುರುವಾದ ಮೇಲೆ ಬೀಗ ಹುಡುಕಿದರು. ಯಾವ ಸರ್ವರ್‌ಗಳು ನಮ್ಮ ಪರವಾಗಿ ಮೇಲ್ ಕಳಿಸಬಹುದು ಎಂದು ಡೊಮೇನ್ ಮಾಲೀಕರು ಪಟ್ಟಿ ಹಾಕುವುದು ಎಸ್‌ಪಿಎಫ್. ಅದರ ನಿಯಮ 2006ರಲ್ಲಿ ಪ್ರಕಟವಾಯಿತು. ಮೇಲ್‌ಗೆ ಡಿಜಿಟಲ್ ಮೊಹರು ಒತ್ತುವ ಡಿಕಿಮ್ 2007ರಲ್ಲಿ ಬಂತು.

ಅನುಮಾನ ಬಂದ ಪತ್ರವನ್ನು ಏನು ಮಾಡಬೇಕು? ನಿಜವಾದ ಜಗಳ ಇಲ್ಲೇ. 2012ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್, ಪೇಪಾಲ್ ಮುಂತಾದವರು ಪ್ರಕಟಿಸಿದ ಡಿಮಾರ್ಕ್ ಆ ತೀರ್ಮಾನವನ್ನು ಡೊಮೇನ್ ಮಾಲೀಕರ ಕೈಗೇ ಕೊಟ್ಟಿತು: ಸುಮ್ಮನೆ ಬಿಡಿ, ಅನುಮಾನದ ಮೂಲೆಗೆ ಹಾಕಿ, ಇಲ್ಲವೇ ತಿರಸ್ಕರಿಸಿ. ಕೊನೆಯ ಮಾತು ಮಾತ್ರ ಪಡೆಯುವ ಸರ್ವರ್‌ನದೇ.

ಮೂಲೆಗೆ ಹಾಕುವುದು ಮೆತ್ತಗಿನ ದಾರಿ ಅನಿಸುತ್ತದೆ. ನಮಗೆ ಹಾಗನಿಸುವುದಿಲ್ಲ. ಕಳಿಸಿದವರಿಗೂ ಗೊತ್ತಾಗದು, ಪಡೆಯಬೇಕಾದವರಿಗೂ ಗೊತ್ತಾಗದು. ತಿರಸ್ಕರಿಸಿದರೆ ಪ್ರಾಮಾಣಿಕನಿಗೆ ಕೂಡಲೇ ವಾಪಸ್ ಸುದ್ದಿ ಬರುತ್ತದೆ, ಅವನು ಫೋನಾದರೂ ಮಾಡುತ್ತಾನೆ. ಆದರೆ ತಿರಸ್ಕಾರ ಬಾಗಿಲಲ್ಲೇ, ಎರಡು ಸರ್ವರ್‌ಗಳ ಮಾತುಕತೆ ನಡೆಯುವಾಗಲೇ ಆಗಬೇಕು. ಒಳಗೆ ತೆಗೆದುಕೊಂಡು ಆಮೇಲೆ ಹಿಂತಿರುಗಿಸಿದರೆ, ಅದು ಹೋಗಿ ಬೀಳುವುದು ಕಳ್ಳ ಯಾರ ವಿಳಾಸ ಕದ್ದಿದ್ದನೋ ಆ ಪಾಪದವನ ತಲೆಗೆ.

ಬಿಗಿ ಮಾಡಿದರೂ ನೋವಿದೆ. 2014ರ ಏಪ್ರಿಲ್‌ನಲ್ಲಿ ಯಾಹೂ 'ತಿರಸ್ಕರಿಸಿ' ಎಂದು ಹಾಕಿದ್ದೇ ತಡ, ಯಾಹೂ ವಿಳಾಸವಿಟ್ಟುಕೊಂಡು ಬೇರೆ ಸೇವೆಗಳ ಮೂಲಕ ಗಿರಾಕಿಗಳಿಗೆ ಮೇಲ್ ಕಳಿಸುತ್ತಿದ್ದ ಸಣ್ಣ ವ್ಯಾಪಾರಿಗಳ ಪತ್ರಗಳೂ ವಾಪಸ್ ಬಂದವು. ಅವರೇನೂ ಕಳ್ಳರಲ್ಲ.

2024ರ ಫೆಬ್ರವರಿಯಿಂದ ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಈ ಮೂರೂ ಕಡ್ಡಾಯ. ನಾವು ಅಷ್ಟು ದೊಡ್ಡವರಲ್ಲ, ಆದರೂ ಒಂದು ಮಧ್ಯಾಹ್ನ ಕೂತು ಮೂರನ್ನೂ ಹಾಕಿಸಿದೆವು.

ಇನ್ನೊಂದು ಮಾತು. ಬ್ಯಾಂಕಿನ ಹೆಸರಲ್ಲಿ ಒಂದಕ್ಷರ ಬದಲಿಸಿ ಹೊಸ ಡೊಮೇನ್ ಕೊಂಡವನು ಈ ಮೂರೂ ಪರೀಕ್ಷೆ ಸಲೀಸಾಗಿ ಪಾಸಾಗುತ್ತಾನೆ. ವಿಳಾಸ ಅವನದೇ ಎಂದಷ್ಟೇ ಯಂತ್ರ ಹೇಳಬಲ್ಲದು. ಹಾಗಾಗಿ ಕೆಲಸದ ಆಫರ್ ಮೇಲ್ ಬಂದರೆ ಅಟ್ ಚಿಹ್ನೆಯ ನಂತರದ ಅಕ್ಷರಗಳನ್ನು ಒಂದೊಂದಾಗಿ ಓದಿ. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.