ಕುಡಿಯಲೆಂದು ಕಟ್ಟಿದ ಕೆರೆಗೆ ಗಾಳದವರು ಬಂದದ್ದು

ಬದಲಾಪುರದಲ್ಲಿ ಮನೆ ಮಾಡಿದ ಮೇಲೂ ಹದಿನಾರು ವರ್ಷ ನನ್ನ ಕೆಲಸ ಪೊವಾಯಿ ಕಡೆಗೇ ಇತ್ತು. ಥಾಣೆಯಲ್ಲಿ ಇಳಿದು ಸ್ಲೋ ಲೋಕಲ್ ಹಿಡಿದು ಕಾಂಜೂರ್‌ಮಾರ್ಗ್, ಅಲ್ಲಿಂದ ಬೆಸ್ಟ್ ಬಸ್ಸು. ಐಐಟಿ ಗೇಟು ದಾಟಿದರೆ ಬಲಗಡೆ ಕೆರೆ. ಅದರ ದಂಡೆಯಲ್ಲಿ ಗಾಳದ ಕೋಲು ಹಿಡಿದು ತಪಸ್ಸಿಗೆ ಕೂತಂತೆ ಕೂತವರನ್ನು ಕಂಡು, ಮುಂಬಯಿಯಲ್ಲಿ ಇಷ್ಟು ಪುರುಸೊತ್ತು ಇರುವವರು ಯಾರಪ್ಪಾ ಅಂತ ಮೊದಮೊದಲು ಆಶ್ಚರ್ಯವಾಗುತ್ತಿತ್ತು. ನಮ್ಮ ಮಲೆನಾಡಿನ ಕಡೆ ಬೇಸಿಗೆಯ ಕೆರೆಬೇಟೆ ಅಂದರೆ ಊರಿಗೆ ಊರೇ ತಳವಿಲ್ಲದ ಬಿದಿರಿನ ಬುಟ್ಟಿ ಹಿಡಿದು ಕೆಸರಿಗೆ ಇಳಿಯುವ ಗಲಾಟೆ. ಇಲ್ಲಿ ಮಾತೇ ಇಲ್ಲ!

ಅದಿರಲಿ. ಈ ಕೆರೆ ಕಟ್ಟಿದ್ದು ಮೀನಿಗಾಗಿ ಅಲ್ಲ, ಕುಡಿಯುವುದಕ್ಕೆ. ಮುಂಬಯಿಗೆ ನಲ್ಲಿ ನೀರು ಬಂದದ್ದೇ 1860ರಲ್ಲಿ ವಿಹಾರ್ ಕೆರೆಯಿಂದ. ಅದು ಸಾಲದೆ 1879ರಲ್ಲಿ ತುಳಸಿ ಕೆರೆ. ಅದೂ ಸಾಲದೆ ದೂರದ ತಾನ್ಸಾ ಯೋಜನೆ ಶುರುವಾಯಿತು. ಆದರೆ ತಾನ್ಸಾ ನೀರು ಊರಿಗೆ ಮುಟ್ಟಿದ್ದು 1892ರಲ್ಲಿ. ಅಷ್ಟರೊಳಗೆ ನೀರಿನ ಬರ ಬಂದು, ಅವಸರದಲ್ಲಿ 1890ರ ಹೊತ್ತಿಗೆ ಪೊವಾಯಿ ಹಳ್ಳಿಯ ಕಣಿವೆಗೆ ಅಡ್ಡ ಕಟ್ಟೆ ಹಾಕಿದರು. ತುಂಬಿದರೆ ಸುಮಾರು 545 ಕೋಟಿ ಲೀಟರ್. ಆದರೆ ಈ ನೀರು ಕುಡಿಯಲು ಸರಿಬರಲಿಲ್ಲ, ಕೈಬಿಟ್ಟರು. ಇವತ್ತಿಗೂ ಅದು ಹೋಗುವುದು ಕಾರ್ಖಾನೆ ಕೆಲಸಕ್ಕೆ ಮತ್ತು ಆರೆ ಹಾಲಿನ ಕಾಲೊನಿಗೆ.

ಇಲ್ಲೊಂದು ವಿಷಯ ಗಮನಿಸಿ. ವಿಹಾರ್, ತುಳಸಿ, ಪೊವಾಯಿ ಮೂರೂ ಅಕ್ಕಪಕ್ಕದ ಕೆರೆಗಳು. ಒಂದೇ ಗುಡ್ಡಸಾಲು, ಒಂದೇ ಮಳೆ. ವಿಹಾರ್ ಮತ್ತು ತುಳಸಿಯ ನೀರನ್ನು ಮುಂಬಯಿ ಈಗಲೂ ಕುಡಿಯುತ್ತದೆ, ಯಾಕೆಂದರೆ ಅವುಗಳಿಗೆ ನೀರು ಇಳಿಯುವ ಗುಡ್ಡಗಳೆಲ್ಲ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು. ಪೊವಾಯಿಗೆ ನೀರು ಹರಿದು ಬರುವ ನೆಲ ಬರೀ 6.61 ಚದರ ಕಿಲೋಮೀಟರ್, ಕೆರೆಯೇ 2.23. ಅಷ್ಟು ಚಿಕ್ಕ ನೆಲದ ಮೇಲೆ ಮೊದಲು ಕಲ್ಲುಗಣಿ ಬಂತು, ಆಮೇಲೆ ಗುಡಿಸಲು, ಆಮೇಲೆ ಗಗನಚುಂಬಿ ಟವರುಗಳು. ಬಡವರ ಗುಡಿಸಲನ್ನೇ ಎಲ್ಲರೂ ಬೈಯುತ್ತಾರೆ, ಟವರಿನ ಚರಂಡಿ ಏನು ಗಂಗೋತ್ರಿಗೆ ಹೋಗುತ್ತದೆಯೇ?

ಕುಡಿಯಲು ಬೇಡವಾದ ಈ ನೀರಿಗೆ ಗಾಳದವರು ಬಂದರು. ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ಹುಟ್ಟಿದ್ದು 1955ರಲ್ಲಿ, ಇದೇ ಕೆರೆಯ ದಂಡೆಯಲ್ಲಿ. ರೋಹು, ಕಟ್ಲಾ, ಮೃಗಾಲ್ ಅವರ ಆಸೆಯ ಮೀನುಗಳು. ಇವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಮಳೆಗಾಲದ ಹರಿಯುವ ಹೊಳೆಯೇ ಆಗಬೇಕು. ಮೊದಲೆಲ್ಲ ನದಿಯಲ್ಲೇ ಮರಿ ಹಿಡಿದು ತಂದು ಕೆರೆಗೆ ಬಿಡುತ್ತಿದ್ದರು. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಅನ್ನುವ ವಿಜ್ಞಾನಿ ಹಾರ್ಮೋನ್ ಚುಚ್ಚಿ ಮೊಟ್ಟೆ ಇಡಿಸಿದ ಮೇಲೆ ಮರಿ ಸಿಗುವುದು ಸುಲಭವಾಯಿತು. ಅಂದರೆ ಪೊವಾಯಿಯ ಒಂದೊಂದು ರೋಹುವೂ ನಮ್ಮಂತೆಯೇ ಎಲ್ಲಿಂದಲೋ ಬಂದದ್ದು ಅನ್ನಿ.

ಕೊಳಕು ನೀರಿನ ಸ್ವಭಾವ ವಿಚಿತ್ರ. ಚರಂಡಿ ನೀರು ಸ್ವಲ್ಪ ಸೇರಿದರೆ ಅದು ಗೊಬ್ಬರ. ಪಾಚಿ ಬೆಳೆಯುತ್ತದೆ, ಮೀನು ಕೊಬ್ಬುತ್ತದೆ, ಗಾಳದವನಿಗೆ ಖುಷಿ. ಜಾಸ್ತಿಯಾದರೆ ಅದೇ ಪಾಚಿ ಶತ್ರು. ಹಗಲು ಬಿಸಿಲಿಗೆ ಅದು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಉಸಿರಾಡಿ ಇದ್ದದ್ದನ್ನೂ ಮುಗಿಸುತ್ತದೆ. ಹಾಗಾಗಿ ಮೀನು ಸಾಯುವುದು ಸಾಮಾನ್ಯವಾಗಿ ಬೆಳಗಿನ ಜಾವ, ಅದರಲ್ಲೂ ಮೋಡ ಮುಚ್ಚಿದ ದಿನಗಳಲ್ಲಿ. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಆಟವಲ್ಲ, ಉಸಿರು ಕಟ್ಟಿದೆ ಅಂತ ಅರ್ಥ. ಕೇಂದ್ರ ಮಾಲಿನ್ಯ ಮಂಡಳಿಯ ಅಳತೆಯಲ್ಲಿ ಮೀನಿಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಬೇಕು. ಶುದ್ಧೀಕರಿಸಿ ಕುಡಿಯುವ ನೀರಿಗೂ ಅದೇ 4, ಆದರೆ ಅದಕ್ಕೆ ಇನ್ನೊಂದು ಷರತ್ತಿದೆ: ಬಿಓಡಿ, ಅಂದರೆ ಕೊಳೆಯನ್ನು ಅರಗಿಸಲು ನೀರು ಖರ್ಚು ಮಾಡುವ ಆಮ್ಲಜನಕ, 3 ಮಿಲಿಗ್ರಾಂ ದಾಟಬಾರದು. ಮೀನಿನ ದರ್ಜೆಗೆ ಆ ಷರತ್ತೇ ಇಲ್ಲ. ‘ಮೀನು ಇದೆಯಲ್ಲ, ನೀರು ಚೆನ್ನಾಗಿದೆ’ ಅನ್ನುವ ಮಾತನ್ನು ನಾನು ನಂಬದೇ ಇರುವುದು ಇದಕ್ಕೇ.

ಯಾವ ಮೀನು ಅಂತ ಕೇಳಬೇಕು. ರೋಹು, ಕಟ್ಲಾಗಳು ಬೇಗ ಸಾಯುತ್ತವೆ. ಗಾಳಿಯನ್ನೇ ಉಸಿರಾಡಬಲ್ಲ ಮರಳ್ ಮೀನು, ಮಾಗುರ್ ಮೀನು ಉಳಿಯುತ್ತವೆ. 1952ರಲ್ಲಿ ಹೊರದೇಶದಿಂದ ತಂದ ತಿಲಾಪಿಯಾ, ನಮ್ಮ ಬೆಂಗಳೂರಿನವರ ಜಿಲೇಬಿ ಮೀನು, ಎಂಥ ನೀರಿನಲ್ಲೂ ಸಂಸಾರ ಹೂಡುತ್ತದೆ. ಅಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನು ಬೆಳ್ಳಗೆ ತೇಲಿದ್ದು ನೆನಪಿರಬೇಕು. ಅಲ್ಲೂ ಚರಂಡಿ ನೀರು, ಆಮ್ಲಜನಕದ ಕೊರತೆ, ಅದೇ ಕಥೆ.

ಪೊವಾಯಿಗೆ ದಿನಕ್ಕೆ ಸುಮಾರು 1.8 ಕೋಟಿ ಲೀಟರ್ ಚರಂಡಿ ನೀರು ಸೇರುತ್ತದೆ ಅನ್ನುವುದು ಇತ್ತೀಚಿನ ವರ್ಷಗಳಲ್ಲಿ ಪಾಲಿಕೆಯೇ ಕೊಟ್ಟ ಲೆಕ್ಕ. ಮೇಲೆ ಜಲಪರ್ಣಿ, ನಾವು ಅಂತರಗಂಗೆ ಅನ್ನುತ್ತೇವಲ್ಲ, ಅದರ ಹಸಿರು ಚಾಪೆ. ತೆಗೆಸಿದಷ್ಟೂ ಬರುತ್ತದೆ, ಬೇರಿಗೆ ಗೊಬ್ಬರ ಹಾಕುತ್ತಲೇ ಇದ್ದರೆ ಇನ್ನೇನು? ಇದರ ನಡುವೆ ದಂಡೆಯಲ್ಲಿ ಸೈಕಲ್ ಟ್ರ್ಯಾಕ್ ಕಟ್ಟಲು ಹೊರಟರು. 2022ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟು ಅದು ಕಾನೂನುಬಾಹಿರ, ಮೊದಲಿದ್ದಂತೆ ಮಾಡಿ ಎಂದಿತು. ಕೆರೆಯಲ್ಲಿ ಮೊಸಳೆಗಳೂ ಇವೆ, ಅವುಗಳ ದಡವೂ ಉಳಿಯಿತು.

ಬದಲಾಪುರದಲ್ಲಿ ಕೂತು ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ನಲ್ಲಿಗೆ ಬರುವುದು ಉಲ್ಹಾಸ್ ನದಿಯ ಬ್ಯಾರೇಜಿನ ನೀರು. ಅದರ ಮೇಲ್ಭಾಗದಲ್ಲಿ ಇರುವುದು ರಾಷ್ಟ್ರೀಯ ಉದ್ಯಾನವಲ್ಲ. ಕರ್ಜತ್, ನೇರಳ್, ವಾಂಗಣಿ. ಅಲ್ಲಿ ಕಡಿಮೆ ದರದ ಫ್ಲ್ಯಾಟುಗಳು ಏಳುತ್ತಲೇ ಇವೆ. ನಾವೂ ಹಾಗೇ ಬಂದವರು, ಅವರನ್ನು ಬೇಡ ಅನ್ನುವ ಹಾಗಿಲ್ಲ. ಆದರೆ ಅವರ ಚರಂಡಿ ಎಲ್ಲಿಗೆ ಹೋಗುತ್ತದೆ ಅಂತ ಈಗಲೇ ಕೇಳಬೇಕು, ಕಟ್ಟಡ ಎದ್ದ ಮೇಲಲ್ಲ. ನಮ್ಮಿಂದ ಕೆಳಗೆ ಕಲ್ಯಾಣದ ಮೋಹನೆ ಹತ್ತಿರ ಬೇಸಿಗೆಯಲ್ಲಿ ನದಿಯ ಮೇಲೂ ಜಲಪರ್ಣಿ ಹಬ್ಬಿದ್ದಿದೆ.

ಮಳೆಗಾಲದಲ್ಲಿ ನಮ್ಮ ಮಾರ್ಕೆಟ್ಟಿಗೆ ಹೊಳೆಮೀನು ತರುವ ಮಾವಶಿ ಒಬ್ಬಳಿದ್ದಾಳೆ. ಕೊಳ್ಳದಿದ್ದರೂ ಅವಳ ಬುಟ್ಟಿ ಇಣುಕುತ್ತೇನೆ. ಹೋದ ಮಳೆಗಾಲ ಅದರಲ್ಲಿ ಹೆಚ್ಚಿನವು ಜಿಲೇಬಿಯೇ ಇದ್ದವು.